ದನದ ಡಾಕ್ಟರು ಬಂದಾರ, ಹಗ್ಗ ಹಿಡಿಯೋರು ಯಾರು?



ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ದನ ಕಟ್ಟಿದ ಮನೆಗಳು ಬಹಳ. ಎರಿ ಹೊಲಕ್ಕೆ ಎತ್ತು ಬೇಕು. ಡೇರಿಗೆ ಹಾಲು ಹಾಕಲು ಎಮ್ಮಿ ಬೇಕು, ಆಕಳು ಬೇಕು. ಈ ದನಗಳಿಗೆ ಮೇವು ಹಾಕುವವರು ಯಾರು? ನೀರು ಕುಡಿಸುವವರು ಯಾರು? ಸಗಣಿ ಬಳಿಯುವವರು, ಹಾಲು ಹಿಂಡುವವರು ಯಾರು? ಹೆಚ್ಚಾಗಿ ನಾವೇ, ಹೆಣ್ಣುಮಕ್ಕಳೇ.

ಆದರೆ ಸೂಜಿ ಮಾಡುವವರು ಓಣಿಗೆ ಬಂದ ದಿನ ನಡೆಯುವ ಮಾತು ಕೇಳ್ರಿ.

"ಅಕ್ಕಾರ, ಕಾಲುಬಾಯಿ ಬ್ಯಾನಿ ಸೂಜಿ ಮಾಡಾಕ ಬಂದೀವಿ. ದನ ಹಿಡೀತೀರೇನು?"

"ಇಲ್ಲರೀ ಸಾಹೇಬರ. ನಮ್ಮ ಮನಿಯವರು ಹೊಲಕ್ಕ ಹೋಗ್ಯಾರ. ಹಿಡಿಯೋರು ಯಾರೂ ಇಲ್ಲ. ನಾಳೆ ಬರ್ರಿ."

ನಾಳೆ ಅವರು ಬೇರೆ ಊರಿಗೆ ಹೋಗಿರುತ್ತಾರೆ. ಲಸಿಕೆಯನ್ನು ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿ ತಂದಿರುತ್ತಾರೆ. ಅದನ್ನು ಬಿಸಿಲಲ್ಲಿ ಇಟ್ಟುಕೊಂಡು ಕಾಯಲು ಆಗುವುದಿಲ್ಲ. ನಮ್ಮ ದನ ಸೂಜಿ ಇಲ್ಲದೆ ಉಳಿಯುತ್ತದೆ. ಮುಂದೆ ಊರಿಗೆ ಬ್ಯಾನಿ ಬಂದಾಗ ಎತ್ತು ಬಿತ್ತುವ ಹೊತ್ತಿಗೆ ಕುಂಟುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಎಮ್ಮಿ ಹಾಲು ಇಳಿಸುತ್ತದೆ. ಸಣ್ಣ ಕರು ಸತ್ತೇ ಹೋಗಬಹುದು. ಒಂದು ಹಗ್ಗ ಹಿಡಿಯುವವರು ಇಲ್ಲದ್ದಕ್ಕೆ ಇಷ್ಟೆಲ್ಲ ನಷ್ಟ.

ಕಾಲುಬಾಯಿ ಬ್ಯಾನಿ ಸೂಜಿಯನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು. 2019ರಲ್ಲಿ ಕೇಂದ್ರ ಸರಕಾರ ಇದಕ್ಕಾಗಿ ದೇಶಕ್ಕೆಲ್ಲ ಒಂದು ದೊಡ್ಡ ಕಾರ್ಯಕ್ರಮ ಆರಂಭಿಸಿತು. ಇದಕ್ಕೆ ನಾವು ರೊಕ್ಕ ಕೊಡಬೇಕಾಗಿಲ್ಲ. ದನ ಹಿಡಿದು ನಿಲ್ಲಿಸಿದರೆ ಸಾಕು.

"ಅಂಜಿಕಿ ಬರತೈತ್ರಿ" ಅಂತೀರಿ. ಅಂಜಿಕೆ ಸುಳ್ಳಲ್ಲ. ದೊಡ್ಡ ಎಮ್ಮಿ ಮೂರು-ನಾಲ್ಕು ಕ್ವಿಂಟಲ್ ತೂಗುತ್ತದೆ. ಖಿಲಾರಿ ಎತ್ತು ಅದಕ್ಕೂ ಹೆಚ್ಚು ತೂಗಬಹುದು. ನಮ್ಮ ತೂಕ ಅರ್ಧ ಕ್ವಿಂಟಲ್. ಶಕ್ತಿಯಿಂದ ಎಳೆದಾಡಿ ಗೆಲ್ಲಲು ಗಂಡಸರಿಂದಲೂ ಆಗುವುದಿಲ್ಲ. ಕೋಡು ಕಣ್ಣಿಗೆ ಬಡಿದವರು ಇದ್ದಾರೆ. ಹೊಟ್ಟೆಗೆ ಒದೆ ತಿಂದವರು ಇದ್ದಾರೆ. ಹಗ್ಗ ಕೈಗೆ ಸುತ್ತಿಕೊಂಡು ಬೆರಳು ಕಳಕೊಂಡವರೂ ಇದ್ದಾರೆ. ಆದ್ದರಿಂದ ದನ ಹಿಡಿಯುವುದು ತೋಳಿನ ಕೆಲಸವಲ್ಲ, ತಿಳಿವಳಿಕೆಯ ಕೆಲಸ. ಅದನ್ನು ಇಲ್ಲಿ ಓದೋಣ.

ದನದ ಕಣ್ಣಿನಿಂದ ನೋಡೋಣ

ದನದ ಕಣ್ಣು ನಮ್ಮ ಹಾಗೆ ಮುಂದೆ ಇಲ್ಲ. ಮುಖದ ಎರಡು ಕಡೆ ಇದೆ. ಆದ್ದರಿಂದ ಅದು ನಿಂತಲ್ಲೇ ಸುತ್ತಲೂ ನೋಡುತ್ತದೆ. ಆದರೆ ಬಾಲದ ನೇರ ಹಿಂದೆ ಏನಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋಗಿ ಮುಟ್ಟಿದರೆ ಅದು ಏನು ಮಾಡೀತು? ಒದೆಯುತ್ತದೆ. ಹುಲಿಯೋ ತೋಳವೋ ಬಂತು ಎಂದು ಅದಕ್ಕೆ ಅನಿಸುತ್ತದೆ. ಅದರ ತಪ್ಪಿಲ್ಲ.

ಒದೆಯುವ ರೀತಿಯನ್ನೂ ತಿಳಿಯಬೇಕು. ಕುದುರೆ ಹಿಂದಕ್ಕೆ ಒದೆಯುತ್ತದೆ. ಆಕಳು ಹಾಗಲ್ಲ. ಹಿಂಗಾಲನ್ನು ಮೊದಲು ಮುಂದಕ್ಕೆ ತರುತ್ತದೆ, ಆಮೇಲೆ ಪಕ್ಕಕ್ಕೆ ಬೀಸಿ ಹಿಂದಕ್ಕೆ ಒಯ್ಯುತ್ತದೆ. ಕುಡುಗೋಲು ಬೀಸಿದ ಹಾಗೆ. ಆದ್ದರಿಂದ ಹಿಂದೆ ನಿಂತರೂ ಅಪಾಯ, ಹೊಟ್ಟೆಯ ಪಕ್ಕ ನಿಂತರೂ ಅಪಾಯ. ಹಾಗಾದರೆ ಎಲ್ಲಿ ನಿಲ್ಲಬೇಕು? ಭುಜದ ಹತ್ತಿರ, ಮೈಗೆ ಮೈ ತಾಗುವಂತೆ ನಿಲ್ಲಬೇಕು. ಅಲ್ಲಿ ಹಿಂಗಾಲು ಮುಟ್ಟುವುದು ಕಡಿಮೆ. ತಲೆ ಕಟ್ಟಿದ್ದರೆ ಕೋಡೂ ಮುಟ್ಟುವುದಿಲ್ಲ.

ಎಮ್ಮಿಯ ಸ್ವಭಾವ ಬೇರೆ. ಅದು ಒದೆಯುವುದು ಕಡಿಮೆ, ತಲೆ ಬೀಸುವುದು ಹೆಚ್ಚು. ನಮ್ಮ ಕಡೆಯ ಎಮ್ಮಿಯ ಕೋಡು ನೋಡ್ರಿ, ಕುಡುಗೋಲಿನ ಹಾಗೆ ಬಾಗಿ ಬೆನ್ನಿನ ಕಡೆ ಹೋಗಿರುತ್ತದೆ. ಧಾರವಾಡಿ ಎಮ್ಮಿ ಎಂದು ಇದಕ್ಕೆ ಹೆಸರು. 2021ರಲ್ಲಿ ಇದು ದೇಶದ ತಳಿಗಳ ಪಟ್ಟಿಯಲ್ಲಿ ಸೇರಿತು. ನಾವು "ಬರೇ ಜವಾರಿ ಎಮ್ಮಿ" ಅನ್ನುತ್ತಿದ್ದ ದನಕ್ಕೆ ಈಗ ತನ್ನದೇ ಹೆಸರು ಸಿಕ್ಕಿದೆ. ಇದರ ಕೋಡು ಉದ್ದ. ಪಕ್ಕಕ್ಕೆ ತಿರುಗಿದರೆ ದೂರದವರೆಗೂ ತಾಗುತ್ತದೆ. ಎಮ್ಮಿ ಹಿಡಿಯುವಾಗ ಮೊದಲು ತಲೆಯ ಕಡೆ ಗಮನ ಇರಲಿ.

ಅಮೇರಿಕಾ ದೇಶದಲ್ಲಿ ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗಳು ಇದ್ದಾರೆ. 1947ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅವರಿಗೆ ಮಾತು ಬಹಳ ತಡವಾಗಿ ಬಂತು. ಮುಂದೆ ಅವರು ದನಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರಾದರು. ಅವರು ಏನು ಮಾಡಿದರು ಗೊತ್ತೇನು? ಸೂಜಿ ಮಾಡಲು ದನ ನಡೆಸುವ ದಾರಿಯಲ್ಲಿ ತಾವೇ ಇಳಿದರು. ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ನೆಲದ ಮೇಲೆ ಬಿದ್ದ ನೆರಳು, ಜೋತಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ಇಂಥವಕ್ಕೇ ದನ ಬೆದರಿ ನಿಲ್ಲುತ್ತದೆ ಎಂದು ಕಂಡುಕೊಂಡರು. ಅವನ್ನು ತೆಗೆದರೆ ಹೊಡೆಯದೆಯೇ ದನ ನಡೆಯಿತು. ನಮ್ಮ ಅಂಗಳದಲ್ಲೂ ಹಾಗೇ. ತಂತಿಗೆ ಹಾಕಿದ ಸೀರೆ ಗಾಳಿಗೆ ಪಟಪಟ ಹೊಡೆದುಕೊಂಡರೆ ದನ ಬೆದರುತ್ತದೆ. ನಾಯಿ ಬೊಗಳಿದರೆ ಬೆದರುತ್ತದೆ. ಹತ್ತು ಹುಡುಗರು ಸುತ್ತ ನಿಂತು ಕೂಗಿದರೆ ಬೆದರುತ್ತದೆ. ಡಾಕ್ಟರು ಬರುವ ಮೊದಲೇ ಸೀರೆ ತೆಗೀರಿ, ನಾಯಿ ಕಟ್ಟಿರಿ, ಹುಡುಗರನ್ನು ಒಳಗೆ ಕಳಿಸಿರಿ.

ಬೆದರಿದ ದನದಿಂದ ಇನ್ನೊಂದು ನಷ್ಟ ಇದೆ. ಹೆದರಿದ ಆಕಳು ಹಾಲು ಏರಿಸಿಕೊಳ್ಳುತ್ತದೆ, ಇದು ನಿಮಗೇ ಗೊತ್ತು. ಗಬ್ಬದ ಸೂಜಿ ಮಾಡುವ ದಿನ ಬಡಿದು, ಎಳೆದಾಡಿ ತಂದರೆ ಗಬ್ಬ ನಿಲ್ಲುವುದೂ ಕಷ್ಟವಾಗುತ್ತದೆ. ಆ ದಿನ ಅದನ್ನು ನೆರಳಿನಲ್ಲಿ ತಣ್ಣಗೆ ಇಡಬೇಕು.

ನಮ್ಮ ತಯಾರಿ

ಮೊದಲು ನಮ್ಮ ಮೈ ಮೇಲಿನದನ್ನು ನೋಡಿಕೊಳ್ಳೋಣ. ಸೆರಗು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ಜೋತಾಡುವ ಸೆರಗು ಕೋಡಿಗೆ ಸಿಕ್ಕರೆ ಅದು ನಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಗಾಜಿನ ಬಳೆ ಒಡೆದು ಕೈ ಕೊಯ್ಯುತ್ತದೆ. ಬಳೆಗಳನ್ನು ಮೇಲೆ ಸರಿಸಿ ಒಂದು ಬಟ್ಟೆ ಸುತ್ತಿಕೊಂಡರೂ ಆದೀತು. ಬರಿಗಾಲಲ್ಲಿ ನಿಲ್ಲಬಾರದು. ಎತ್ತಿನ ಗೊರಸು ಬೆರಳ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ಬಸುರಿ ಹೆಂಗಸರು ಈ ಕೆಲಸಕ್ಕೆ ನಿಲ್ಲಲೇಬಾರದು. ಮನೆಯವರು "ಒಂದು ನಿಮಿಷದ ಕೆಲಸ" ಅಂದರೂ ನಿಲ್ಲಬಾರದು.

ಕಿತ್ತೂರು ಕಡೆ ಮಳೆ ಹೆಚ್ಚು. ಆಗ ಅಂಗಳ ಕೆಸರು. ಬೈಲಹೊಂಗಲದ ಎರಿ ಮಣ್ಣೂ ಮಳೆ ಬಿದ್ದರೆ ಕಾಲಿಗೆ ಅಂಟಿ ಜಾರುತ್ತದೆ. ಅಲ್ಲಿ ದನ ಜಾರಿದರೆ ಹಿಡಿದವರ ಮೇಲೆಯೇ ಬೀಳುತ್ತದೆ. ಒಣ ಜಾಗದಲ್ಲಿ ಹಿಡಿಯಬೇಕು. ಕಲ್ಲು ಹಾಸಿದ ನೆಲವಾದರೆ ಮೇಲೆ ಮಣ್ಣನ್ನೋ ಹೊಟ್ಟನ್ನೋ ಉದುರಿಸಬೇಕು.

ಹಗ್ಗವನ್ನು ಹಿಂದಿನ ದಿನವೇ ಎಳೆದು ನೋಡ್ರಿ. ಬಿಸಿಲಿಗೆ ಸುಟ್ಟ ಪ್ಲಾಸ್ಟಿಕ್ ಹಗ್ಗ ಬೇಡ. ಅದು ತೆಳುವಾಗಿದ್ದರೆ ಕೈ ಕೊಯ್ಯುತ್ತದೆ, ಬೇಕಾದಾಗ ಕಡಿದುಹೋಗುತ್ತದೆ. ಹೆಬ್ಬೆರಳಿನಷ್ಟು ದಪ್ಪದ ನೂಲಿನ ಹಗ್ಗ ಒಳ್ಳೆಯದು. ಹತ್ತಿರದಲ್ಲಿ ಒಂದು ಹರಿತವಾದ ಕುಡುಗೋಲು ಇಟ್ಟುಕೊಳ್ಳಿರಿ. ದನ ಬಿದ್ದು ಕುತ್ತಿಗೆ ಹಗ್ಗ ಬಿಗಿದರೆ ಗಂಟು ಬಿಚ್ಚುತ್ತ ಕೂಡಲು ಸಮಯ ಇರುವುದಿಲ್ಲ. ಹಗ್ಗ ಹೋದರೆ ಹೋಗಲಿ, ಕೊಯ್ಯಬೇಕು.

ಗಂಟಿನ ವಿಷಯ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ದನ ಹಿಡಿಯುವ ವಿದ್ಯೆಯಲ್ಲಿ ಅರ್ಧ ವಿದ್ಯೆ ಗಂಟಿನಲ್ಲಿದೆ.

ಕುತ್ತಿಗೆಗೆ ಹಾಕುವ ಗಂಟು ಜಾರಬಾರದು. ಜಾರುವ ಗಂಟು ಎಂದರೆ ಉರುಲು. ದನ ಜಗ್ಗಿದಷ್ಟೂ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಕುತ್ತಿಗೆ ಹಗ್ಗದೊಳಗೆ ನಮ್ಮ ಅಂಗೈ ಸುಲಭವಾಗಿ ಹೋಗಿ ಬರಬೇಕು. ಅಷ್ಟು ಸಡಿಲ ಇರಬೇಕು.

ಕಂಬಕ್ಕೆ ಕಟ್ಟುವ ಗಂಟು ಬೇರೆ. ಅದು ದನ ಜಗ್ಗಿದರೆ ಬಿಚ್ಚಬಾರದು, ನಾವು ಎಳೆದರೆ ತಟ್ಟನೆ ಬಿಚ್ಚಬೇಕು. ಹೇಗೆ ಹಾಕುವುದು? ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿರಿ. ಈಗ ಒಂದು ತುದಿ ದನದ ಕಡೆ ಇದೆ, ಇನ್ನೊಂದು ತುದಿ ನಿಮ್ಮ ಕೈಯಲ್ಲಿದೆ. ಕೈಯಲ್ಲಿರುವ ತುದಿಯನ್ನು ದನದ ಕಡೆಯ ಹಗ್ಗದ ಮೇಲಿಂದ ದಾಟಿಸಿ ಕೆಳಗಿನಿಂದ ತನ್ನಿರಿ. ಗಂಟಿನ ಕಣ್ಣಿನಲ್ಲಿ ತುದಿಯನ್ನು ಪೂರ್ತಿ ತೂರಿಸಬೇಡಿರಿ. ಹಗ್ಗವನ್ನು ಮಡಚಿ, ಆ ಮಡಿಕೆಯನ್ನು ಮಾತ್ರ ತೂರಿಸಿ ಬಿಗಿ ಮಾಡಿರಿ. ಲಂಗದ ಲಾಡಿಗೆ ಸರಗಂಟು ಹಾಕುತ್ತೀರಲ್ಲ, ಅದೇ ಲೆಕ್ಕ. ತುದಿ ಎಳೆದರೆ ಮಡಿಕೆ ಹೊರಗೆ ಬರುತ್ತದೆ, ಗಂಟು ಬಿಚ್ಚುತ್ತದೆ. ಇದನ್ನು ಮನೆಯಲ್ಲಿ ಕಿಟಕಿ ಸರಳಿಗೆ ಹತ್ತು ಸಲ ಹಾಕಿ ನೋಡ್ರಿ. ಕತ್ತಲಲ್ಲೂ ಕೈಗೆ ಬರಬೇಕು.

ಇನ್ನು ಮೂಗಿನ ಹಗ್ಗ. ಮೂಗಿನ ಹಗ್ಗವನ್ನು ಕಂಬಕ್ಕೆ ಎಂದೂ ಕಟ್ಟಬೇಡಿರಿ. ಬೆದರಿ ಹಿಂದೆ ಜಗ್ಗಿದರೆ ಮೂಗೇ ಹರಿಯುತ್ತದೆ. ಹರಿದ ಮೂಗು ಮತ್ತೆ ಮೊದಲಿನಂತೆ ಆಗುವುದಿಲ್ಲ. ಕಂಬಕ್ಕೆ ಕೋಡಿನ ಹಗ್ಗವನ್ನೋ ಕುತ್ತಿಗೆಯ ಹಗ್ಗವನ್ನೋ ಕಟ್ಟಬೇಕು. ಮೂಗಿನ ಹಗ್ಗವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ಹಿಡಿಯುವಾಗ ಕೈಗೆ ಸುತ್ತಿಕೊಳ್ಳಬಾರದು, ಸೊಂಟಕ್ಕೂ ಕಟ್ಟಿಕೊಳ್ಳಬಾರದು. ಮಡಚಿ ಮುಷ್ಟಿಯಲ್ಲಿ ಹಿಡಿಯಬೇಕು. ದನ ಓಡಿದರೆ ಕೈ ಬಿಡಬೇಕು. ಓಡಿದ ದನ ಸಂಜೆಗೆ ಮನೆಗೆ ಬರುತ್ತದೆ. ಹೋದ ಬೆರಳು ಬರುವುದಿಲ್ಲ.

ಸೂಜಿ ಮಾಡುವಾಗ

ದನವನ್ನು ಗೋಡೆಯ ಪಕ್ಕ ನಿಲ್ಲಿಸಿರಿ. ತಲೆಯನ್ನು ಗಟ್ಟಿ ಕಂಬಕ್ಕೆ ಕಟ್ಟಿರಿ. ಹಗ್ಗ ಗಿಡ್ಡ ಇರಲಿ. ಉದ್ದ ಬಿಟ್ಟರೆ ತಲೆ ಬೀಸಲು ಜಾಗ ಸಿಗುತ್ತದೆ. ಒಂದು ಕಡೆ ಗೋಡೆ ಇದ್ದರೆ ದನ ಆ ಕಡೆ ಸರಿಯಲು ಬರುವುದಿಲ್ಲ. ಆದರೆ ಗೋಡೆ ಮತ್ತು ದನದ ನಡುವೆ ಮನುಷ್ಯರು ನಿಲ್ಲಬಾರದು. ಒತ್ತಿದರೆ ಎಲುಬು ಮುರಿಯುತ್ತದೆ.

ಬಹಳ ಹಟಮಾರಿ ದನವಾದರೆ ಒಂದು ಉಪಾಯ ಇದೆ. ಗಟ್ಟಿಯಾದ ಉದ್ದ ಬಿದಿರಿನ ಗಳ ತನ್ನಿರಿ. ಅದರ ಒಂದು ತುದಿಯನ್ನು ತಲೆ ಕಟ್ಟಿದ ಕಂಬಕ್ಕೆ, ದನದ ಎದೆಯ ಎತ್ತರಕ್ಕೆ ಕಟ್ಟಿರಿ. ಇನ್ನೊಂದು ತುದಿಯನ್ನು ಹಿಂದಿನ ಕಂಬಕ್ಕೆ ಕಟ್ಟಿರಿ. ಕಂಬ ಇಲ್ಲದಿದ್ದರೆ ಇಬ್ಬರು ದೂರದಿಂದ ಒತ್ತಿ ಹಿಡಿಯಿರಿ. ಈಗ ದನ ಗೋಡೆ ಮತ್ತು ಗಳದ ನಡುವೆ ಸಿಕ್ಕಿತು. ಹೊಡೆತ ಇಲ್ಲ, ಕೂಗಾಟ ಇಲ್ಲ. ಡಾಕ್ಟರು ಗಳದ ಆಚೆ ನಿಂತು ಸೂಜಿ ಮಾಡುತ್ತಾರೆ.

ದನದ ದವಾಖಾನೆಯ ಅಂಗಳದಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು ನೋಡಿರಬೇಕು. ಅದಕ್ಕೆ ಟ್ರೆವಿಸ್ ಅನ್ನುತ್ತಾರೆ. ನಾಲ್ಕು ಕಂಬ, ಪಕ್ಕಕ್ಕೆ ಅಡ್ಡ ಪೈಪು, ಹಿಂದೆ ಒಂದು ಅಡ್ಡ ಪೈಪು. ದನ ಒಳಗೆ ಹೋದರೆ ಹಿಂದೆಯೂ ಬರಲಾರದು, ಪಕ್ಕಕ್ಕೂ ತಿರುಗಲಾರದು. ಗಬ್ಬ ನೋಡಲು, ಗಾಯಕ್ಕೆ ಹೊಲಿಗೆ ಹಾಕಲು ಇದೇ ಒಳ್ಳೆಯದು. ಯಾಕೆಂದರೆ ಗಬ್ಬ ನೋಡುವಾಗ ಡಾಕ್ಟರ ಕೈ ದನದ ಒಳಗೆ ಭುಜದವರೆಗೆ ಇರುತ್ತದೆ. ಆಗ ದನ ತಟ್ಟನೆ ಕುಳಿತರೆ ಅವರ ಕೈಯೇ ಮುರಿಯಬಹುದು. ಅವರು "ಸರಿಯಾಗಿ ಹಿಡೀರಿ" ಎಂದು ಗದರಿದರೆ ಸಿಟ್ಟು ಮಾಡಿಕೊಳ್ಳಬೇಡಿರಿ. ಇಂಥ ಚೌಕಟ್ಟನ್ನು ಊರಿನಲ್ಲಿ ಗಟ್ಟಿ ಕಟ್ಟಿಗೆಯಿಂದ ಮಾಡಬಹುದು. ಒಳಗಿನ ಅಗಲ ಸುಮಾರು ಎರಡೂವರೆ ಅಡಿ ಇರಬೇಕು. ಹೆಚ್ಚು ಅಗಲ ಮಾಡಿದರೆ ದನ ಒಳಗೇ ತಿರುಗುತ್ತದೆ. ಡೇರಿಯ ಹತ್ತಿರ ಒಂದು ಇದ್ದರೆ ಓಣಿಯ ಎಲ್ಲ ದನಕ್ಕೂ ಆಯಿತು. ಸಂಘದ ಸಭೆಯಲ್ಲಿ ಈ ಮಾತು ತೆಗೀರಿ.

ಲಸಿಕೆಯನ್ನು ಹೆಚ್ಚಾಗಿ ಕುತ್ತಿಗೆಗೆ ಹಾಕುತ್ತಾರೆ. ಡಾಕ್ಟರು ಯಾವ ಕಡೆ ನಿಂತಿದ್ದಾರೋ ನೀವೂ ಅದೇ ಕಡೆ ನಿಲ್ಲಿರಿ. ದನ ಒದ್ದಾಡಿದರೆ ಅದರ ಮುಖವನ್ನು ನಿಮ್ಮ ಕಡೆಗೆ ಎಳೆಯಿರಿ. ಮುಖ ಈ ಕಡೆ ಬಂದರೆ ಹಿಂಭಾಗ ಆ ಕಡೆ ಹೋಗುತ್ತದೆ. ಒದೆಯುವ ಕಾಲು ಇಬ್ಬರಿಂದಲೂ ದೂರ ಆಯಿತು. ನೀವು ಒಂದು ಕಡೆ, ಡಾಕ್ಟರು ಇನ್ನೊಂದು ಕಡೆ ನಿಂತರೆ ಏನಾಗುತ್ತದೆ? ನೀವು ಎಳೆದಷ್ಟೂ ಹಿಂಭಾಗ ಅವರ ಮೇಲೆ ಹೋಗುತ್ತದೆ.

ಮೂಗುದಾರ ಇಲ್ಲದ ಆಕಳಿಗೆ ಏನು ಮಾಡುವುದು? ಹೆಬ್ಬೆರಳು ಮತ್ತು ತೋರುಬೆರಳನ್ನು ಮೂಗಿನ ಎರಡು ಹೊಳ್ಳೆಗೆ ಹಾಕಿ ನಡುವಿನ ಗೋಡೆಯನ್ನು ಹಿಡಿಯಿರಿ. ಇನ್ನೊಂದು ಕೈಯಲ್ಲಿ ಕೋಡಿನ ಬುಡ ಹಿಡಿಯಿರಿ. ದನದ ಮೂಗು ಬಹಳ ಸೂಕ್ಷ್ಮ. ಅಲ್ಲಿ ಹಿಡಿದರೆ ದೊಡ್ಡ ಆಕಳೂ ತಣ್ಣಗಾಗುತ್ತದೆ. ಉಗುರು ಊರಬೇಡಿರಿ. ಕೆಲಸ ಮುಗಿದ ಕೂಡಲೇ ಬಿಡಿರಿ.

ಕೆಲವರು ಬಾಲ ತಿರುವುತ್ತಾರೆ. ಬೇಡ. ಬಾಲದ ಒಳಗೆ ಸಣ್ಣ ಸಣ್ಣ ಎಲುಬು ಇವೆ, ಮುರಿಯುತ್ತವೆ. ಬಾಲವನ್ನು ಬುಡದ ಹತ್ತಿರ ಎರಡು ಕೈಯಿಂದ ಹಿಡಿದು ಮೆಲ್ಲಗೆ ನೇರ ಮೇಲಕ್ಕೆ ಎತ್ತಿದರೆ ದನ ಒದೆಯುವುದು ಕಡಿಮೆಯಾಗುತ್ತದೆ. ಪಕ್ಕದಲ್ಲಿ ನಿಂತು ಎತ್ತಬೇಕು, ಹಿಂದೆ ನಿಂತಲ್ಲ. ಕಣ್ಣಿಗೆ ಮಣ್ಣು ಎರಚುವುದು, ಕಿವಿ ಕಚ್ಚುವುದು, ಇವೆಲ್ಲ ಹಳೆಯ ಒರಟುತನ. ಮೂಕ ಪ್ರಾಣಿಗೆ ಹಿಂಸೆ ಕೊಡಬಾರದೆಂದು 1960ರಲ್ಲೇ ಕಾನೂನು ಬಂದಿದೆ.

ಗೊಟ್ಟ ಹಾಕುವಾಗ ಎಚ್ಚರ

ಕಾರ ಹುಣ್ಣಿಮೆ ಬಂತು ಅನ್ನಿರಿ. ಹೊನ್ನುಗ್ಗಿಯ ದಿನ ಎತ್ತುಗಳ ಮೈ ತೊಳೆದು, ಎಣ್ಣೆ, ಅರಿಷಿಣ, ತತ್ತಿ ಕಲಸಿ ಗೊಟ್ಟದಿಂದ ಕುಡಿಸುತ್ತಾರೆ. ಅದು ಎತ್ತಿನ ಮೇಲಿನ ಪ್ರೀತಿ. ಆದರೆ ಕುಡಿಸುವ ರೀತಿ ತಪ್ಪಿದರೆ ಅದೇ ಪ್ರಾಣಕ್ಕೆ ಕುತ್ತು.

ಗಂಟಲಲ್ಲಿ ಎರಡು ದಾರಿ ಇವೆ. ಒಂದು ಹೊಟ್ಟೆಗೆ, ಒಂದು ಪುಪ್ಪುಸಕ್ಕೆ. ಪುಪ್ಪುಸ ಎಂದರೆ ಉಸಿರಾಡುವ ಚೀಲ. ತಲೆಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆ ಎಳೆದು ಗಟಗಟ ಸುರಿದರೆ ದನ ನುಂಗಲಾರದು. ಔಷಧ ಪುಪ್ಪುಸಕ್ಕೆ ಇಳಿಯುತ್ತದೆ. ಎಣ್ಣೆ ಇಳಿದರೆ ಇನ್ನೂ ಕೆಟ್ಟದ್ದು. ಮರುದಿನದಿಂದ ದನ ಕೆಮ್ಮುತ್ತದೆ, ಜ್ವರ ಬರುತ್ತದೆ, ಮೇವು ಬಿಡುತ್ತದೆ. ಎಷ್ಟೋ ದನ ಹೀಗೆ ಸತ್ತಿವೆ. ಮನೆಯವರು "ದೃಷ್ಟಿ ಆತು" ಅನ್ನುತ್ತಾರೆ. ದೃಷ್ಟಿ ಅಲ್ಲ, ಗೊಟ್ಟ ಹಾಕಿದ ರೀತಿ ಕಾರಣ.

ಸರಿಯಾದ ರೀತಿ ಹೀಗಿದೆ. ತಲೆ ನೆಟ್ಟಗೆ ಇರಲಿ. ಮೂಗು ಕಣ್ಣಿಗಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದ ಮೂಲೆಯಲ್ಲಿ ಹಲ್ಲಿಲ್ಲದ ಜಾಗ ಇದೆ. ಗೊಟ್ಟದ ಬಾಯಿ ಅಲ್ಲಿಂದ ಒಳಗೆ ಹೋಗಲಿ. ನಾಲಿಗೆ ಬಿಟ್ಟುಬಿಡಿರಿ, ನುಂಗಲು ಅದಕ್ಕೆ ನಾಲಿಗೆ ಬೇಕು. ಒಂದು ಗುಟುಕು ಹಾಕಿ ನಿಲ್ಲಿರಿ. ಗಂಟಲು ಮೇಲೆ-ಕೆಳಗೆ ಆಡಿದ್ದು ನೋಡಿ ಇನ್ನೊಂದು ಗುಟುಕು ಹಾಕಿರಿ. ಕೆಮ್ಮಿದರೆ ಕೂಡಲೇ ತಲೆ ಕೆಳಗೆ ಬಿಡಿರಿ. ಗಾಜಿನ ಬಾಟಲಿ ಬೇಡ, ಹಲ್ಲಿಗೆ ಸಿಕ್ಕು ಒಡೆಯುತ್ತದೆ. ಬಿದ್ದುಕೊಂಡ, ಎಚ್ಚರ ತಪ್ಪಿದ ದನಕ್ಕೆ ಏನೂ ಕುಡಿಸಬಾರದು.

ಇನ್ನೊಂದು ಮಾತು. ದನ ಜೊಲ್ಲು ಸುರಿಸುತ್ತ, ನುಂಗಲಾರದೆ, ದನಿ ಬದಲಾಗಿ ಒದರುತ್ತಿದ್ದರೆ "ಗಂಟಲಲ್ಲಿ ಏನೋ ಸಿಕ್ಕೈತಿ" ಎಂದು ಬಾಯೊಳಗೆ ಕೈ ಹಾಕಬೇಡಿರಿ. ಹುಚ್ಚುನಾಯಿ ಕಡಿದ ದನವೂ ಹಾಗೆಯೇ ಮಾಡುತ್ತದೆ. ಆ ಜೊಲ್ಲು ಕೈಯ ಗಾಯಕ್ಕೆ ತಾಗಿದರೆ ನಮ್ಮ ಜೀವಕ್ಕೇ ಅಪಾಯ. ಅಂಥ ದನವನ್ನು ದೂರದಿಂದ ಕಟ್ಟಿ ಡಾಕ್ಟರನ್ನು ಕರೆಸಬೇಕು. ಜೊಲ್ಲು ತಾಗಿದ್ದರೆ ಸಾಬೂನಿನಿಂದ ಕಾಲು ಗಂಟೆ ತೊಳೆದು, ಆ ದಿನವೇ ಮನುಷ್ಯರ ದವಾಖಾನೆಗೆ ಹೋಗಿ ಸೂಜಿ ತೊಗೊಳ್ಳಬೇಕು.

ಎತ್ತು ಕೆಡವುವುದು

ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಮಂದಿ ಈಗಲೂ ಇದ್ದಾರೆ. ಡಾಂಬರು ರಸ್ತೆಯಲ್ಲಿ ಗೊರಸು ಸವೆಯುತ್ತದೆ. ಅದಕ್ಕೆ ನಾಲ ಬಡಿಸುತ್ತಾರೆ. ನಾಲ ಬಡಿಯುವವರು ಒಂದೇ ಹಗ್ಗದಿಂದ ದೊಡ್ಡ ಎತ್ತನ್ನು ಮಲಗಿಸುವುದನ್ನು ನೋಡಿದ್ದೀರಲ್ಲ? ಡಾಕ್ಟರೂ ಶಸ್ತ್ರಚಿಕಿತ್ಸೆಗೆ ಕೆಲವೊಮ್ಮೆ ಹೀಗೇ ಮಲಗಿಸುತ್ತಾರೆ. ಅದರ ಗುಟ್ಟು ಇಷ್ಟೇ. ಸುಮಾರು ಮೂವತ್ತು-ನಲವತ್ತು ಅಡಿ ಹಗ್ಗ ಬೇಕು. ಒಂದು ತುದಿಯನ್ನು ಕೋಡಿನ ಬುಡಕ್ಕೋ, ಜಾರದ ಗಂಟು ಹಾಕಿ ಕುತ್ತಿಗೆಗೋ ಕಟ್ಟುತ್ತಾರೆ. ಹಗ್ಗವನ್ನು ಬೆನ್ನ ಮೇಲೆ ತಂದು, ಮುಂಗಾಲಿನ ಹಿಂದೆ ಎದೆಗೆ ಒಂದು ಸುತ್ತು, ಹಿಂಗಾಲಿನ ಮುಂದೆ ಹೊಟ್ಟೆಗೆ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಇಬ್ಬರು ನೇರ ಹಿಂದಕ್ಕೆ, ಝಾಡಿಸದೆ ಒಂದೇ ಸಮ ಎಳೆಯುತ್ತಾರೆ. ಒಬ್ಬರು ತಲೆ ಹಿಡಿದಿರುತ್ತಾರೆ. ಎತ್ತು ತಾನೇ ಕಾಲು ಮಡಚಿ ಕೂಡುತ್ತದೆ. ಹೊಡೆಯುವ ಕೆಲಸವೇ ಇಲ್ಲ.

ಇದು ಒಬ್ಬರ ಕೆಲಸವಲ್ಲ, ಕಲಿಯದವರು ಮಾಡುವುದೂ ಅಲ್ಲ. ಆದರೆ ನಾವು ಪಕ್ಕದಲ್ಲಿ ನಿಂತು ಕೆಲವು ಮಾತು ಹೇಳಬೇಕು. ಹೊಟ್ಟೆ ತುಂಬ ಮೇಯ್ದ ದನವನ್ನು ಕೆಡವಬಾರದು. ಹಿಂದಿನ ದಿನ ಮೇವು ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಡಾಕ್ಟರನ್ನು ಕೇಳಬೇಕು. ತುಂಬಿದ ಗಬ್ಬದ ದನವನ್ನು ಕೆಡವಬಾರದು. ಆಕಳಾದರೆ ಹಿಂದಿನ ಸುತ್ತು ಕೆಚ್ಚಲಿಗೆ ತಾಗಬಾರದು. ಹೋರಿಯಾದರೆ ಮೂತ್ರದ ಜಾಗ ಬಿಟ್ಟು ಹಾಕಬೇಕು. ನೆಲ ಮೆತ್ತಗಿರಬೇಕು, ಮೇಲೆ ಹುಲ್ಲು ಹಾಸಿದ್ದರೆ ಒಳ್ಳೆಯದು. ಕಲ್ಲಿನ ಮೇಲೆ ಕೆಡವಿದರೆ ಕೋಡು ಮುರಿಯುತ್ತದೆ, ಚಪ್ಪೆ ಎಲುಬು ಸರಿಯುತ್ತದೆ. ಮಲಗಿದ ದನದ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಎಡ ಪಕ್ಕೆ ಉಬ್ಬತೊಡಗಿದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಕೆಲಸ ಮುಗಿದ ಮೇಲೆ ಎದೆಯ ಮೇಲೆ ಕೂಡಿಸಿ, ಹಿಂಗಾಲಿನ ಹಗ್ಗ ಮೊದಲು ಬಿಚ್ಚಿ, ತಲೆಯ ಹಗ್ಗ ಕೊನೆಗೆ ಬಿಚ್ಚಬೇಕು.

ಹೋರಿಯ ಬೀಜ ಒಡೆಸುವ ಹಳೆಯ ಪದ್ಧತಿಯಲ್ಲಿ ಕೆಡವಿ ಕಟ್ಟಿಗೆಯಿಂದ ಬಡಿಯುತ್ತಿದ್ದರು. ಆ ಒದ್ದಾಟದಲ್ಲಿ ಹೋರಿಗೂ ಗಾಯ, ಹಿಡಿದವರಿಗೂ ಗಾಯ. ದನದ ದವಾಖಾನೆಯಲ್ಲಿ ಇಕ್ಕಳದಂಥ ಸಾಧನದಿಂದ, ರಕ್ತ ಬರದಂತೆ ಮಾಡುತ್ತಾರೆ. ನೋವು ಗೊತ್ತಾಗದಂತೆ ಔಷಧವನ್ನೂ ಕೊಡಬಹುದು. ಕೇಳಿ ಕೊಡಿಸಿರಿ.

ಕರು ಇದ್ದಾಗಿನಿಂದ

ದೊಡ್ಡದಾದ ಮೇಲೆ ಹಿಡಿಯುವುದಕ್ಕಿಂತ ಚಿಕ್ಕಂದಿನಲ್ಲಿ ಕಲಿಸುವುದು ಸುಲಭ. ಕರುವಿಗೆ ಹೆಸರಿಡಿರಿ, ಹೆಸರಿನಿಂದ ಕರೆಯಿರಿ. ದಿನಾ ಸ್ವಲ್ಪ ಹೊತ್ತು ಕುತ್ತಿಗೆ ತುರಿಸಿರಿ. ಕಿವಿ ಮುಟ್ಟಿರಿ, ಕಾಲು ಎತ್ತಿ ನೋಡಿರಿ, ಬಾಯಿ ತೆರೆದು ನೋಡಿರಿ. ಕುತ್ತಿಗೆಗೆ ಹಗ್ಗ ಹಾಕಿ ಹತ್ತು ಹೆಜ್ಜೆ ನಡೆಸಿರಿ. ಹೀಗೆ ಬೆಳೆದ ಪಡ್ಡೆ ಸೂಜಿಯ ದಿನ ನಿಮ್ಮ ದನಿ ಕೇಳಿದರೆ ಸಾಕು, ನಿಲ್ಲುತ್ತದೆ. ಗಂಡಸರು ನಾಲ್ಕು ಮಂದಿ ಸೇರಿ ಹಿಡಿಯಲಾರದ ಎಮ್ಮಿ ದಿನಾ ಹಾಲು ಹಿಂಡುವ ಅತ್ತೆವ್ವನ ಕೈಗೆ ಸುಮ್ಮನೆ ನಿಲ್ಲುವುದುಂಟು. ಇದು ಮಾಟವಲ್ಲ, ರೂಢಿ.

ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ಹಾಕುವ ಬ್ಯಾನಿಯ ಸೂಜಿಯನ್ನು ಒಂದೇ ಸಲ ಮಾಡುತ್ತಾರೆ. ಆ ವಯಸ್ಸು ದಾಟಿದರೆ ಆಗುವುದಿಲ್ಲ. ಕಂದು ಹಾಕಿದ ದನದ ಮಾಸನ್ನು ಬರಿಗೈಯಿಂದ ಮುಟ್ಟಬೇಡಿರಿ, ಆ ಬ್ಯಾನಿ ಮನುಷ್ಯರಿಗೂ ಬರುತ್ತದೆ.

ಅಕ್ಷರದ ಕೆಲಸ

ಸೂಜಿ ಮಾಡುವವರು ದನದ ಕಿವಿಗೆ ಹಳದಿ ಬಿಲ್ಲೆ ಹಾಕುತ್ತಾರೆ. ಅದರಲ್ಲಿ 12 ಅಂಕಿ ಇರುತ್ತವೆ. ಈಗ ನೀವು ಅಂಕಿ ಓದಬಲ್ಲಿರಿ. ಆ ನಂಬರನ್ನು ಒಂದು ನೋಟುಬುಕ್ಕಿನಲ್ಲಿ ನೀವೇ ಬರೆಯಿರಿ. ಅದರ ಕೆಳಗೆ ಯಾವ ತಾರೀಖಿಗೆ ಯಾವ ಸೂಜಿ ಆಯಿತು, ಗಬ್ಬ ಯಾವಾಗ ನಿಂತಿತು ಎಂದು ಬರೆಯಿರಿ. ವಿಮೆ ಮಾಡಿಸುವಾಗ ಆ ನಂಬರು ಬೇಕಾಗುತ್ತದೆ. ಒಂದು ಅಂಕಿ ತಪ್ಪಿದರೂ ರೊಕ್ಕ ಸಿಗುವುದು ಕಷ್ಟ.

ಡಾಕ್ಟರು ಬಂದಾಗ ಸುಮ್ಮನೆ ಬಾಗಿಲ ಮರೆಯಲ್ಲಿ ನಿಲ್ಲಬೇಡಿರಿ. ದನದ ಗುಣ ನಿಮಗಷ್ಟೇ ಗೊತ್ತು. ಹೀಗೆ ಹೇಳಿರಿ:

"ಸಾಹೇಬರ, ಈ ಎಮ್ಮಿ ಬಲಗಾಲಿಲೆ ಒದಿತೈತಿ. ಏಳು ತಿಂಗಳ ಗಬ್ಬ ಐತಿ. ಹ್ವಾದ ಸಲ ಸೂಜಿ ಮಾಡಿದಾಗ ಎರಡು ದಿನ ಮೇವು ತಿಂದಿದ್ದಿಲ್ಲ."

"ಚಲೋ ಹೇಳಿದ್ರಿ ಅಕ್ಕಾರ. ಹಂಗಾದ್ರ ಎಡಗಡೆ ನಿಂತು ಮಾಡ್ತೀನಿ."

ಮಾತು ಇಷ್ಟೇ. ಇದರಿಂದ ಎಷ್ಟೋ ಅನಾಹುತ ತಪ್ಪುತ್ತವೆ.

ದನ ಬಿದ್ದಿದೆ, ಎಬ್ಬಿಸಲು ಆಗುವುದಿಲ್ಲ, ದವಾಖಾನೆ ದೂರ. ಆಗ 1962 ನಂಬರಿಗೆ ಫೋನ್ ಮಾಡಿರಿ. ಡಾಕ್ಟರು ಔಷಧದ ಗಾಡಿ ತೊಗೊಂಡು ಮನೆಯ ಬಾಗಿಲಿಗೆ ಬರುವ ವ್ಯವಸ್ಥೆ ಇದೆ. ಫೋನಿನಲ್ಲಿ ತಾಲೂಕು, ಊರು, ಓಣಿ ಹೇಳಿರಿ. ಆಕಳೋ ಎಮ್ಮಿಯೋ ಎತ್ತೋ, ಗಬ್ಬ ಇದೆಯೋ ಇಲ್ಲವೋ, ಯಾವಾಗಿನಿಂದ ಹೀಗಿದೆ ಎಂದು ಹೇಳಿರಿ. ಗಾಡಿ ಬರುವುದರೊಳಗೆ ದನವನ್ನು ನೆರಳು ಮಾಡಿ ಎದೆಯ ಮೇಲೆ ಕೂಡಿಸಿ, ಪಕ್ಕಕ್ಕೆ ಹುಲ್ಲಿನ ಹೊರೆ ಆನಿಸಿರಿ. ಕಂಬ, ಹಗ್ಗ, ಬಿದಿರಿನ ಗಳ, ಎರಡು ಕೊಡ ನೀರು, ಸಾಬೂನು ತಯಾರು ಇಡಿರಿ. ಕುಡುಗೋಲನ್ನು ಮರೆಯಬೇಡಿರಿ.